ಆಪರೇಷನ್ ಆದ ಮೇಲೆ ಎಚ್ಚರವಾಗುವ ಹೊತ್ತು: ಮನೆಯವರು ತಿಳಿದಿರಬೇಕಾದದ್ದು

ಆಪರೇಷನ್ ಮುಗಿಯಿತು ಎಂದು ವೈದ್ಯರು ಹೊರಬಂದು ಹೇಳಿದ ಕೂಡಲೇ ಮನೆಯವರು ಕೇಳುವ ಮೊದಲ ಮಾತು, "ಯಾವಾಗ ನೋಡಬಹುದು?" ರೋಗಿಯನ್ನು ವಾರ್ಡಿಗೆ ಕಳುಹಿಸದೆ ರಿಕವರಿ ಕೋಣೆಯಲ್ಲಿ ಇಟ್ಟುಕೊಂಡರೆ ಕೆಲವರು ಗಾಬರಿಯಾಗುತ್ತಾರೆ, ಬಿಲ್ ಏರಿಸುವ ಉಪಾಯ ಎನ್ನುವವರೂ ಇದ್ದಾರೆ. ಆದರೆ ಆಪರೇಷನ್ನಿನಷ್ಟೇ ಜಾಗ್ರತೆ ಬೇಡುವ ಸಮಯವಿದು.

ಪೂರ್ಣ ಅರಿವಳಿಕೆ ಇಳಿಯುವಾಗ ಸ್ನಾಯುಗಳು ಇನ್ನೂ ಸಡಿಲವಾಗಿರುತ್ತವೆ. ನಾಲಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚಬಹುದು. ನೋವಿನ ಔಷಧದಿಂದ ಉಸಿರಾಟ ನಿಧಾನವಾಗಬಹುದು. ಆದ್ದರಿಂದ ನರ್ಸ್ ಮೊದಲು ನೋಡುವುದು ಗಾಯವನ್ನಲ್ಲ, ಉಸಿರನ್ನು. ಗದ್ದ ಮೇಲೆತ್ತಿ ಹಿಡಿಯುತ್ತಾರೆ, ಬೇಕಾದರೆ ಪಕ್ಕಕ್ಕೆ ಮಲಗಿಸುತ್ತಾರೆ, ಆಮ್ಲಜನಕ ಕೊಡುತ್ತಾರೆ. ಬೆರಳಿಗೆ ಹಾಕಿದ ಕ್ಲಿಪ್ ರಕ್ತದಲ್ಲಿನ ಆಮ್ಲಜನಕವನ್ನು ತೋರಿಸುತ್ತಿರುತ್ತದೆ. ನಾಡಿ, ರಕ್ತದೊತ್ತಡಗಳನ್ನು 5ರಿಂದ 15 ನಿಮಿಷಕ್ಕೊಮ್ಮೆ ಬರೆದಿಡುತ್ತಾರೆ. ಬ್ಯಾಂಡೇಜು ಒದ್ದೆಯಾಗಿದೆಯೇ, ಮೂತ್ರ ಹೋಗಿದೆಯೇ ಎಂದೂ ಗಮನಿಸುತ್ತಾರೆ. ಚಳಿ ನಡುಕ ಬರುವುದು ಸಾಮಾನ್ಯ. ಕಂಬಳಿ ಹೊದಿಸಿ ಬೆಚ್ಚಗಿಡುತ್ತಾರೆ.

ವಾರ್ಡಿಗೆ ಕಳುಹಿಸಲು ಅಂಕದ ಲೆಕ್ಕವೂ ಇದೆ. 1970ರಲ್ಲಿ ಅಲ್ಡ್ರೆಟೆ ಎಂಬ ಅರಿವಳಿಕೆ ತಜ್ಞರು ಪ್ರಕಟಿಸಿದ ಪದ್ಧತಿ ಇದು. ಕೈಕಾಲು ಆಡಿಸುವುದು, ಉಸಿರಾಟ, ರಕ್ತದೊತ್ತಡ, ಎಚ್ಚರ, ಮೈಬಣ್ಣ (ಈಗ ಅದರ ಬದಲು ಆಮ್ಲಜನಕದ ಪ್ರಮಾಣ), ಈ ಐದಕ್ಕೂ ತಲಾ 2ರಂತೆ ಒಟ್ಟು 10 ಅಂಕ. ಸಾಮಾನ್ಯವಾಗಿ 9 ಬಂದರೆ ಕಳುಹಿಸುತ್ತಾರೆ.

ಮನೆಯವರಿಂದ ಆಗುವ ದೊಡ್ಡ ತಪ್ಪು ನೀರಿನದು. ಬಾಯಿ ಒಣಗಿದೆ ಎಂದು ರೋಗಿ ನರಳುತ್ತಾರೆ, ಕರುಳು ಚುರ್ ಎಂದು ಯಾರೋ ಒಂದು ಚಮಚ ಹಾಕಿಬಿಡುತ್ತಾರೆ. ಅರೆ ಎಚ್ಚರದಲ್ಲಿ ಆ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಒದ್ದೆ ಬಟ್ಟೆಯಿಂದ ತುಟಿ ಒರೆಸುವುದಕ್ಕೂ ನರ್ಸ್‌ರನ್ನು ಕೇಳಿಯೇ ಮಾಡಬೇಕು.

ನಮ್ಮ ಮನೆಗಳಲ್ಲಿ ಇನ್ನೊಂದು ಸಂಗತಿಯಿದೆ. ಆಪರೇಷನ್ನಿಗೆ ಮುನ್ನ ಗಟ್ಟಿ ಆಹಾರ 6 ಗಂಟೆ, ಬರೀ ನೀರು 2 ಗಂಟೆ ಬಿಟ್ಟರೆ ಸಾಮಾನ್ಯವಾಗಿ ಸಾಕು ಎನ್ನುತ್ತಾರೆ ವೈದ್ಯರು. ಸೂರ್ಯಾಸ್ತಕ್ಕೇ ನೀರು ಬಿಡುವ ನಿಯಮದವರಿಗೆ ಮರುದಿನ ಬೆಳಗ್ಗೆ ಹತ್ತೂವರೆಗೆ ಆಪರೇಷನ್ ಎಂದರೆ 16 ಗಂಟೆ ನೀರಿಲ್ಲದಂತಾಯಿತು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಇದು ಸಣ್ಣ ಮಾತಲ್ಲ. ದಶಲಕ್ಷಣದ ಉಪವಾಸ ಈಗಷ್ಟೇ ಮುಗಿಸಿದವರೂ ಅದನ್ನು ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಬೇಕು. ಸಂಕೋಚ ಬೇಡ. ಹೇಳಿದರೆ ಡ್ರಿಪ್ಪನ್ನೂ ಮಾತ್ರೆಯ ವೇಳೆಯನ್ನೂ ಅದಕ್ಕೆ ತಕ್ಕಂತೆ ನೋಡಿಕೊಳ್ಳಲು ಅವರಿಗೆ ಅನುಕೂಲ.

ಹಿರಿಯರು ಎಚ್ಚರವಾದಾಗ ಗೊಂದಲದಿಂದ ಏನೇನೋ ಮಾತಾಡಬಹುದು. ಕನ್ನಡಕ, ಕಿವಿಯ ಯಂತ್ರ ಬೇಗ ಕೊಟ್ಟು, ಪರಿಚಿತ ದನಿಯಲ್ಲಿ ಹೆಸರು ಹಿಡಿದು ಕರೆದರೆ ಸಮಾಧಾನವಾಗುತ್ತದೆ. ಬೆನ್ನಿಗೆ ಚುಚ್ಚಿದವರಿಗೆ ಕಾಲಿನ ಜೋಮು ಹೋಗುವವರೆಗೆ ಎದ್ದು ನಿಲ್ಲಲು ಬಿಡಬಾರದು.

ಅದೇ ದಿನ ಮನೆಗೆ ಬಂದವರೂ 24 ಗಂಟೆ ಗಾಡಿ ಓಡಿಸಬಾರದು, ಕಾಗದಪತ್ರಗಳಿಗೆ ಸಹಿ ಹಾಕಬಾರದು. ಅಂಗಡಿಯ ಚೆಕ್ಕುಗಳಿದ್ದರೆ ಹಿಂದಿನ ದಿನವೇ ಬರೆದಿಡಲಿ.