ಗೂಡ್ಸ್ ಇಂಜಿನ್ನಿನ ಗುರುತು ಗಾಲಿಯಲ್ಲಿದೆ

ಅಥಣಿ ತಾಲೂಕಿನ ತೆಲಸಂಗಕ್ಕೆ ರೈಲು ಇಲ್ಲ. ಹಳಿ ನೋಡಬೇಕೆಂದರೆ ಪಡುವಣಕ್ಕೆ ಕುಡಚಿ, ಉಗಾರ ಅಥವಾ ಶೇಡಬಾಳಕ್ಕೆ ಹೋಗಬೇಕು, ಮೂಡಣಕ್ಕೆ ಹೊರಟರೆ ವಿಜಯಪುರಕ್ಕೆ. ಆದರೂ ಹಳೆಯ ಗೂಡ್ಸ್ ಇಂಜಿನ್‌ಗಳ ಬೆನ್ನು ಹತ್ತಿ ಫೋಟೊ ತೆಗೆಯುವವರಿಗೆ ಇದು ಒಳ್ಳೆಯ ನೆಲೆ. ಒಂದು ಬದಿಗೆ ಮಿರಜ–ಲೋಂಡಾ ಮಾರ್ಗ, ಇನ್ನೊಂದು ಬದಿಗೆ ಗದಗ–ಹೊಟಗಿ ಮಾರ್ಗ. ಸದರ್ನ್ ಮರಾಠಾ ರೈಲ್ವೆ 19ನೇ ಶತಮಾನದ ಕೊನೆಗೆ ಇವೆರಡನ್ನೂ ಮೀಟರ್ ಗೇಜಿನಲ್ಲಿ ಹಾಸಿತ್ತು, ಈಗ ಎರಡೂ ಬ್ರಾಡ್ ಗೇಜ್. ಉಗಿ, ಡೀಸೆಲ್, ವಿದ್ಯುತ್ ಮೂರನ್ನೂ ಕಂಡ ಹಳಿಗಳಿವು.

ಹುಡುಕಾಟಕ್ಕೆ ಮೊದಲು ಇಂಜಿನ್ನಿನ ಮೈಮೇಲಿನ ಅಕ್ಷರ ಓದಲು ಬರಬೇಕು. ಡಬ್ಲ್ಯು ಎಂದರೆ ಬ್ರಾಡ್ ಗೇಜ್, ವೈ ಎಂದರೆ ಮೀಟರ್ ಗೇಜ್. ಡಿ ಅಂದರೆ ಡೀಸೆಲ್. ಕೊನೆಯ ಅಕ್ಷರ ಕೆಲಸ ಹೇಳುತ್ತದೆ: ಪಿ ಪ್ರಯಾಣಿಕರ ಗಾಡಿಗೆ, ಜಿ ಗೂಡ್ಸಿಗೆ, ಎಂ ಎರಡಕ್ಕೂ. ಉಗಿಯ ಕಾಲದಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಮೀಟರ್ ಗೇಜಿನ ವೈಪಿ ಇಂಜಿನ್ನಿಗೆ ಎಳೆಯುವ ಗಾಲಿ ಆರು, ವ್ಯಾಸ 1372 ಮಿಲಿಮೀಟರ್. ವೈಜಿ ಇಂಜಿನ್ನಿಗೆ ಎಂಟು, ವ್ಯಾಸ 1219 ಮಿಲಿಮೀಟರ್. ದೊಡ್ಡ ಗಾಲಿ ಓಟಕ್ಕೆ, ಚಿಕ್ಕ ಗಾಲಿ ಎಳೆತಕ್ಕೆ. ಚಿತ್ತರಂಜನ್ ಕಾರ್ಖಾನೆ 1972ರಲ್ಲಿ ಉಗಿ ಇಂಜಿನ್ ಕಟ್ಟುವುದನ್ನು ನಿಲ್ಲಿಸಿದಾಗ ಕೊನೆಗೆ ಹೊರಬಂದದ್ದು ವೈಜಿ.

ಡೀಸೆಲ್ ಬಂದ ಮೇಲೆ ಎಲ್ಲವೂ ಒಂದೇ ತರಹದ ಉದ್ದನೆಯ ಡಬ್ಬಿಗಳಾದವು. ಆದರೆ ಒಳಗೆ ನಡೆದ ಬದಲಾವಣೆ ಸಣ್ಣದಲ್ಲ. ಡಬ್ಲ್ಯುಡಿಎಂ-2 ಇಂಜಿನ್ 112.8 ಟನ್ ತೂಗುತ್ತದೆ, ನಿಂತಲ್ಲಿಂದ ಎಳೆಯುವಾಗ 30.4 ಟನ್ ಬಲ ಕೊಡುತ್ತದೆ. 123 ಟನ್ನಿನ ಡಬ್ಲ್ಯುಡಿಜಿ-3ಎ 37.9 ಟನ್ ಬಲದಿಂದ ಎಳೆಯುತ್ತದೆ. 126 ಟನ್ನಿನ ಡಬ್ಲ್ಯುಡಿಜಿ-4 ಎಳೆಯುವುದು 53 ಟನ್ ಬಲದಿಂದ. ತೂಕದ ಲೆಕ್ಕದಲ್ಲಿ ಮೊದಲನೆಯದರ ಹಿಡಿತ ಶೇ. 27, ಕೊನೆಯದರದು ಶೇ. 42. ತೂಕ ಹೆಚ್ಚಿದ್ದು ಹದಿಮೂರು ಟನ್ ಅಷ್ಟೇ, ಉಕ್ಕಿನ ಗಾಲಿ ಉರುಳುವುದೂ ಅದೇ ಉಕ್ಕಿನ ಹಳಿಯ ಮೇಲೆ. ಹಾಗಾದರೆ ಈ ಹಿಡಿತ ಎಲ್ಲಿಂದ ಬಂತು?

ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಏರು ಹತ್ತುವ ಟ್ರ್ಯಾಕ್ಟರ್ ನೋಡಿ. ಹಿಂದಿನ ಭಾರಕ್ಕೆ ಮುಂದಿನ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ರೈಲು ಇಂಜಿನ್ನಿಗೂ ಇದೇ ಪಾಡು. ಜೋರಾಗಿ ಎಳೆದಾಗ ಮುಂದಿನ ಅಚ್ಚುಗಳ ಮೇಲಿನ ಭಾರ ಕಡಿಮೆಯಾಗಿ ಗಾಲಿ ಜಾರುತ್ತದೆ. ಡಬ್ಲ್ಯುಡಿಎಂ-2ರ ಬೋಗಿಯಲ್ಲಿ, ಅಂದರೆ ಮೂರು ಅಚ್ಚುಗಳನ್ನು ಹಿಡಿದಿಡುವ ಗಾಲಿಚೌಕಟ್ಟಿನಲ್ಲಿ, ಮೂರು ಮೋಟಾರುಗಳ ಪೈಕಿ ಒಂದು ಉಳಿದೆರಡಕ್ಕೆ ವಿರುದ್ಧ ದಿಕ್ಕಿಗೆ ಕೂತಿದೆ, ಅಚ್ಚುಗಳ ನಡುವಿನ ಅಂತರವೂ ಸಮನಾಗಿಲ್ಲ. ಡಬ್ಲ್ಯುಡಿಜಿ-3ಎಗೆ ಮೂರೂ ಮೋಟಾರು ಒಂದೇ ದಿಕ್ಕಿಗಿರುವ ಹೊಸ ಬೋಗಿ ಕೊಟ್ಟು ಭಾರ ಹೆಚ್ಚು ಸಮನಾಗಿ ಹಂಚಿದರು. ಡಬ್ಲ್ಯುಡಿಜಿ-4ರಲ್ಲಿ ತ್ರೀಫೇಸ್ ಎಸಿ ಮೋಟಾರು ಬಂತು. ಗಾಲಿ ಜಾರತೊಡಗಿದ ಕ್ಷಣದಲ್ಲೇ ಕಂಪ್ಯೂಟರ್ ಬಲವನ್ನು ತಗ್ಗಿಸಿ ಹಿಡಿತವನ್ನು ಮತ್ತೆ ಕೂಡಿಸುತ್ತದೆ.

ಈ ಹಿಡಿತ ಎಲ್ಲಿ ಬೇಕು ಎನ್ನುವವರು ಕ್ಯಾಸಲ್‌ರಾಕ್–ಕುಳೆ ಘಾಟಿನ ಲೆಕ್ಕ ಹಾಕಬಹುದು. ಅಲ್ಲಿ 37 ಮೀಟರಿಗೆ ಒಂದು ಮೀಟರ್ ಏರು. ಸುಮಾರು 81 ಟನ್ನಿನ 58 ವ್ಯಾಗನ್ನುಗಳ ಕಲ್ಲಿದ್ದಲು ಗಾಡಿ ಎಂದರೆ 4,700 ಟನ್. ಅದು ಹಿಂದಕ್ಕೆ ಜಾರದಂತೆ ತಡೆಯಲಿಕ್ಕೇ 127 ಟನ್ ಬಲ ಬೇಕು. ಇಂಜಿನ್‌ಗಳ ಸ್ವಂತ ತೂಕ, ತಿರುವಿನ ಘರ್ಷಣೆ ಬೇರೆ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4ಗಳನ್ನು ಗಾಡಿಯ ಮುಂದೆ, ಹಿಂದೆ ಸೇರಿಸಿ ಹಲವನ್ನು ಒಟ್ಟಿಗೆ ಹೂಡುತ್ತಿದ್ದುದು ಇದಕ್ಕಾಗಿ.

ಕಿವಿಯಿಂದಲೂ ಇಂಜಿನ್ ಗುರುತಿಸಬಹುದು. ಡಬ್ಲ್ಯುಡಿಎಂ-2 ಮತ್ತು ಡಬ್ಲ್ಯುಡಿಜಿ-3ಎ ಎರಡರ ಎದೆಯಲ್ಲೂ ಇರುವುದು ಅಮೆರಿಕದ ಆಲ್ಕೊ ಕಂಪನಿಯ 251 ಮಾದರಿಯ ಹದಿನಾರು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್. ಆಲ್ಕೊ 1969ರಲ್ಲಿ ಬಾಗಿಲು ಹಾಕಿತು, ವಾರಾಣಸಿಯ ಕಾರ್ಖಾನೆ ಮಾತ್ರ ಅದೇ ಎಂಜಿನ್ನನ್ನು ಆಮೇಲೆ ದಶಕಗಳ ಕಾಲ ಕಟ್ಟಿತು. ನಿಧಾನಗತಿಯಲ್ಲಿ ಅದರ ಬಡಿತ ಬಿಡಿಬಿಡಿಯಾಗಿ ಕೇಳುತ್ತದೆ. ಚಾಲಕ ನಾಚ್, ಅಂದರೆ ಎಂಜಿನ್ನಿನ ವೇಗದ ಮೆಟ್ಟಿಲು, ಏರಿಸಿದ ಕೂಡಲೇ ಡೀಸೆಲ್ ಒಳಗೆ ನುಗ್ಗುತ್ತದೆ. ಆದರೆ ಗಾಳಿ ತುಂಬುವ ಟರ್ಬೊ ಹೊಗೆಯ ಬಲದಿಂದಲೇ ತಿರುಗಬೇಕಾದ್ದರಿಂದ ತಡವಾಗಿ ವೇಗ ಹಿಡಿಯುತ್ತದೆ. ಆ ನಡುವೆ ಅರ್ಧಂಬರ್ಧ ಉರಿದ ಇಂಧನ ಕಪ್ಪು ಹೊಗೆಯ ಕಂಬವಾಗಿ ಮೇಲೇಳುತ್ತದೆ. ಡಬ್ಲ್ಯುಡಿಜಿ-4ರದು ಟೂ ಸ್ಟ್ರೋಕ್ ಎಂಜಿನ್. ಹೊರೆ ಕಡಿಮೆಯಿದ್ದಾಗ ಅದರ ಟರ್ಬೊವನ್ನು ಗೇರುಗಳೇ ತಿರುಗಿಸುವುದರಿಂದ ಹೊಗೆ ಕಡಿಮೆ, ಸದ್ದು ಒಂದೇ ಸಮನೆಯ ಮೊರೆತ.

ಪುಣೆ–ಹುಬ್ಬಳ್ಳಿ ವಂದೇ ಭಾರತ್ 2024ರಲ್ಲಿ ಬೆಳಗಾವಿ ಹಾದು ಓಡತೊಡಗಿತು, ಎಂದರೆ ಮಿರಜ ಮಾರ್ಗಕ್ಕೂ ವಿದ್ಯುತ್ ತಂತಿ ಬಂದಾಯಿತು. ತಂತಿ ಬಂದಲ್ಲಿ ಆಲ್ಕೊ ಅಪರೂಪವಾಗುತ್ತದೆ. ಗೂಡ್ಸ್ ಗಾಡಿಗೆ ಪ್ರಯಾಣಿಕರ ಗಾಡಿಯಂತೆ ವೇಳಾಪಟ್ಟಿಯಿಲ್ಲ, ಕಾಯುವುದೊಂದೇ ದಾರಿ. ಕುಡಚಿ ಮತ್ತು ಉಗಾರದ ನಡುವೆ ಕೃಷ್ಣೆಯ ಸೇತುವೆಯ ಆಸುಪಾಸಿನಲ್ಲಿ, ರೈಲ್ವೆ ಜಾಗದ ಹೊರಗೆ ನಿಂತರೆ ಗಾಡಿಯ ಇಡೀ ಮಗ್ಗುಲು ಸಿಗುತ್ತದೆ. ಹಳಿಯ ಮೇಲೆ ಕಾಲಿಡುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ.

ಹೊಗೆ ಕಾರುವ ಮುಖದ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ. ದಾಖಲೆಯಾಗಿ ಬೆಲೆಯಿರುವುದು ಮಗ್ಗುಲಿನ ಚಿತ್ರಕ್ಕೆ. ಸೂರ್ಯ ನಿಮ್ಮ ಬೆನ್ನಿಗಿರಲಿ. ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆ ಬಿಸಿಲಾದರೆ ಬೋಗಿಯ ನೆರಳಿನೊಳಗೂ ಬೆಳಕು ಹೋಗುತ್ತದೆ. ಆರೂ ಅಚ್ಚುಗಳು ಚೌಕಟ್ಟಿನೊಳಗೆ ಬರಬೇಕು, ಅಚ್ಚುಗಳ ನಡುವಿನ ಅಂತರ ಅಳೆಯುವಂತಿರಬೇಕು. ಇಂಜಿನ್ ಸಂಖ್ಯೆ, ಅದರ ಶೆಡ್ಡಿನ ಹೆಸರು, ಮೈಮೇಲೆ ಬರೆದ ದುರಸ್ತಿಯ ತಾರೀಖು ಓದುವಂತಿರಬೇಕು. ಸ್ಥಳ ಮತ್ತು ದಿನವನ್ನು ಅಲ್ಲೇ ಬರೆದಿಡಿ. ಡಬ್ಲ್ಯುಡಿಜಿ-3ಎ ಗುಜರಿಗೆ ಹೋದ ಮೇಲೆ ಅದರ ಬೋಗಿ ಹೇಗಿತ್ತು, ಯಾವ ಶೆಡ್ಡಿನ ಇಂಜಿನ್ ಯಾವ ವರ್ಷದವರೆಗೆ ಕೃಷ್ಣೆ ದಾಟಿತು ಎಂದು ಕೇಳುವವರಿಗೆ ಉತ್ತರ ಸಿಗುವುದು ಅಂಥ ಚಿತ್ರದಲ್ಲೇ.