ಮೂಲ ಕೆಡಿಸದ ಚಿತ್ರಸಂಪಾದನೆ

ಮೂಲ ಕೆಡಿಸದ ಚಿತ್ರಸಂಪಾದನೆ ಅಥವಾ ನಾನ್-ಡಿಸ್ಟ್ರಕ್ಟಿವ್ ಎಡಿಟಿಂಗ್ ಎಂದರೆ ಡಿಜಿಟಲ್ ಛಾಯಾಚಿತ್ರದ ಮೂಲ ಕಡತವನ್ನು ಬದಲಿಸದೆ ಅದರ ಬಣ್ಣ ಹಾಗೂ ಬೆಳಕು-ನೆರಳುಗಳನ್ನು ತಿದ್ದುವ ವಿಧಾನ. ತಿದ್ದುಪಡಿಗಳು ಸೂಚನೆಗಳ ರೂಪದಲ್ಲಿ ಪ್ರತ್ಯೇಕವಾಗಿ ದಾಖಲಾಗುತ್ತವೆ. ತೆರೆಯ ಮೇಲೆ ಕಾಣುವುದು ಮೂಲಕ್ಕೆ ಆ ಸೂಚನೆಗಳನ್ನು ಅನ್ವಯಿಸಿದ ಫಲಿತಾಂಶ. ಗ್ರಂಥಸಂಪಾದಕರು ಓಲೆಗರಿಯ ಪ್ರತಿಯನ್ನು ಮುಟ್ಟದೆ ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ನಮೂದಿಸುವ ಕ್ರಮಕ್ಕೆ ಇದನ್ನು ಹೋಲಿಸಬಹುದು.

ಅಗತ್ಯ

ಹಳೆಯ ಮದುವೆಯ ಫೋಟೋ ಒಂದನ್ನು ಸ್ಕ್ಯಾನ್ ಮಾಡಿ ಜೆಪೆಗ್ ಕಡತವಾಗಿ ಇಟ್ಟುಕೊಂಡಿದ್ದೇವೆ ಎನ್ನೋಣ. ಅದರಲ್ಲಿ ಕೆಂಪು, ಹಸಿರು, ನೀಲಿ ಬಣ್ಣಗಳಲ್ಲಿ ಪ್ರತಿಯೊಂದಕ್ಕೂ 0ಯಿಂದ 255ರವರೆಗೆ 256 ಮಟ್ಟಗಳಿರುತ್ತವೆ. ವರನ ಬಿಳಿ ಪಂಚೆಯ ಎರಡು ಮಡಿಕೆಗಳ ಮಟ್ಟ 210 ಮತ್ತು 240 ಆಗಿದ್ದು, ಹೊಳಪಿಗಾಗಿ ಪ್ರತಿ ಬಿಂದುವಿಗೂ 60ನ್ನು ಕೂಡಿಸಿದರೆ ಎರಡೂ 255ರ ಮಿತಿಗೆ ಬಂದು ನಿಲ್ಲುತ್ತವೆ. ಅದನ್ನೇ ಉಳಿಸಿ, ಮರುದಿನ ಅತಿಯಾಯಿತೆನಿಸಿ 60ನ್ನು ಕಳೆದರೆ ಎರಡೂ 195 ಆಗುತ್ತವೆ. ಅಳಿಸಿಹೋದ ಮಡಿಕೆ ಮರಳಿ ಬಾರದು. ಸೂಚನೆಯ ರೂಪದಲ್ಲಿ ತಿದ್ದಿದ್ದರೆ ಆ 60ನ್ನು ಸೊನ್ನೆಗೆ ತಂದರೆ ಸಾಕಾಗಿತ್ತು. ಜೆಪೆಗ್ ಕಡತವನ್ನು ತಿದ್ದಿ ತಿದ್ದಿ ಉಳಿಸಿದಷ್ಟೂ ಸಂಕೋಚನದಿಂದ ವಿವರಗಳು ನಷ್ಟವಾಗುವುದು ಬೇರೆ.

ಸಾಧನಗಳು

ಅಡೋಬಿ ಫೋಟೋಶಾಪ್‌ಗೆ 1994ರಲ್ಲಿ ಲೇಯರ್‌ಗಳೂ 1996ರಲ್ಲಿ ಅಡ್ಜಸ್ಟ್‌ಮೆಂಟ್ ಲೇಯರ್‌ಗಳೂ ಸೇರಿದವು. ಎರಡನೆಯದು ಚಿತ್ರದ ಮೇಲೆ ಹೊದಿಸಿದ ಬಣ್ಣದ ಗಾಜಿನಂತೆ, ಬೇಡವಾದಾಗ ತೆಗೆದುಬಿಡಬಹುದು. 2007ರಲ್ಲಿ ಬಂದ ಲೈಟ್‌ರೂಂ ಸೂಚನೆಗಳನ್ನು ಕ್ಯಾಟಲಾಗ್‌ನಲ್ಲಿ ದಾಖಲಿಸುತ್ತದೆ. ಮುಕ್ತ ತಂತ್ರಾಂಶವಾದ ಡಾರ್ಕ್‌ಟೇಬಲ್ ಅವುಗಳನ್ನು ಚಿತ್ರದ ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಪುಟ್ಟ ಕಡತದಲ್ಲಿಯೂ ಬರೆದಿಡುತ್ತದೆ.

ಬಣ್ಣ ಮತ್ತು ಛಾಯೆಯ ತಿದ್ದುಪಡಿ

ಮೊದಲು ವೈಟ್ ಬ್ಯಾಲೆನ್ಸ್, ಬಳಿಕ ಒಟ್ಟು ಬೆಳಕು, ಅನಂತರ ಹಿಸ್ಟೋಗ್ರಾಂ ನೋಡಿಕೊಂಡು ಕಡುಗಪ್ಪು ಮತ್ತು ಅಚ್ಚಬಿಳುಪಿನ ತುದಿಗಳನ್ನು ಗೊತ್ತುಮಾಡುವುದು ಅನುಕೂಲಕರ. ಹಳೆಯ ಬಣ್ಣದ ಮುದ್ರಣಗಳಲ್ಲಿ ಹಲವು ಸಯಾನ್ ವರ್ಣದ್ರವ್ಯ ಮಾಸಿರುವುದರಿಂದ ಕೆಂಪಗೆ ಕಾಣುತ್ತವೆ. ಇಂತಹವುಗಳಿಗೆ ಕರ್ವ್ಸ್ ಸಾಧನದಲ್ಲಿ ಮೂರು ಬಣ್ಣಗಳನ್ನೂ ಬೇರೆಬೇರೆಯಾಗಿ ಹೊಂದಿಸಬೇಕು. ಮುಖಗಳನ್ನಷ್ಟೇ ತಿದ್ದಲು ಮಾಸ್ಕ್ ಬಳಸಬಹುದು. ಆದರೆ ಕಪ್ಪು ಮೈಬಣ್ಣದ ಅಜ್ಜಿಯನ್ನು ಬೆಳ್ಳಗೆ ಮಾಡುವುದು ತಿದ್ದುಪಡಿಯಲ್ಲ, ಅದು ಆಕೆಯ ಚಹರೆಯನ್ನೇ ಬದಲಿಸಿದಂತೆ. ಮೂಲ ಉಳಿದಿದ್ದರೆ ಇಂತಹ ತಪ್ಪನ್ನು ಮೊಮ್ಮಕ್ಕಳಾದರೂ ಸರಿಪಡಿಸಬಲ್ಲರು.

ಮಿತಿಗಳು

ಕ್ಯಾಮೆರಾ ಅಥವಾ ಸ್ಕ್ಯಾನರ್ ದಾಖಲಿಸದ ವಿವರವನ್ನು ಈ ವಿಧಾನ ಮರಳಿ ತರಲಾರದು. ಕ್ಯಾಮೆರಾದ ರಾ ಕಡತದಲ್ಲಿ ಅವಕಾಶ ಹೆಚ್ಚು: 12 ಬಿಟ್ ಆದರೆ 4,096, 14 ಬಿಟ್ ಆದರೆ 16,384 ಮಟ್ಟಗಳು. ಒಂದು ತಂತ್ರಾಂಶದ ಸೂಚನೆಗಳನ್ನು ಇನ್ನೊಂದು ಪೂರ್ಣವಾಗಿ ಅರ್ಥೈಸದಿರುವುದರಿಂದ, ಮುಗಿದ ಚಿತ್ರವನ್ನು ಬೇರೆ ಹೆಸರಿನಲ್ಲಿ ಎಕ್ಸ್‌ಪೋರ್ಟ್ ಮಾಡಿಡುವುದು ಒಳ್ಳೆಯದು. ಕ್ಯಾಟಲಾಗ್‌ನಲ್ಲಿರುವುದು ಸೂಚನೆಗಳೇ ಹೊರತು ಮೂಲ ಚಿತ್ರಗಳಲ್ಲ. ಕ್ಯಾಟಲಾಗ್ ಇದೆಯಲ್ಲ ಎಂಬ ಧೈರ್ಯದಿಂದ ಮೂಲ ಕಡತಗಳನ್ನು ಅಳಿಸಿದವರಿಗೆ ಉಳಿಯುವುದು, ತಿದ್ದಲು ಚಿತ್ರವೇ ಇಲ್ಲದ ತಿದ್ದುಪಡಿಗಳ ಪಟ್ಟಿ.