ನಾಲ್ಕೂ ಗೋಡೆ ಕಾಣುವ ಚಿತ್ರ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸಂಜೆ ಐದು ಜನ ಒಂದೇ ಮೊಬೈಲಿನ ಮೇಲೆ ಬಗ್ಗಿ ಕೂತಿದ್ದೆವು. ತಂಗಿಯ ಮಗಳಿಗೆ ಪುಣೆಯ ಖರಾಡಿಯಲ್ಲಿ ಕೆಲಸ ಸಿಕ್ಕಿತ್ತು. ಪಕ್ಕದ ವಿಮಾನ ನಗರದಲ್ಲಿ ಬಾಡಿಗೆಗೆ ಒಂದು ಫ್ಲ್ಯಾಟ್ ಹುಡುಕುತ್ತಿದ್ದಳು. ಬ್ರೋಕರ್ ಫೋಟೋಗಳ ಬದಲು ಒಂದು ಲಿಂಕ್ ಕಳಿಸಿದ್ದ. ಒತ್ತಿದರೆ ಹಾಲ್ ತೆರೆದುಕೊಂಡಿತು. ಬೆರಳಿನಿಂದ ಎಳೆದತ್ತ ಮನೆ ತಿರುಗಿತು. ಮೇಲೆ ಎಳೆದರೆ ಸೀಲಿಂಗ್, ಕೆಳಗೆ ಎಳೆದರೆ ನೆಲ. ಅವ್ವ ಕನ್ನಡಕ ಸರಿಮಾಡಿಕೊಂಡು ಹೇಳಿದಳು: “ಅಡಗಿ ಮನ್ಯಾಗ ಕಿಡಕಿ ಅದನೊ ಇಲ್ಲೊ ನೋಡವಾ.”

ಮೊಮ್ಮಗಳು ನೆಲದ ಮೇಲಿನ ಬಾಣದ ಗುರುತು ಒತ್ತುತ್ತ ಅಡುಗೆಮನೆಗೆ ಹೋದಳು. ಕಟ್ಟೆ, ಸಿಂಕು, ಪುಣೆಯ ಫ್ಲ್ಯಾಟುಗಳಲ್ಲಿ ಡ್ರೈ ಬಾಲ್ಕನಿ ಎಂದು ಕರೆಯುವ ಪಾತ್ರೆ ತೊಳೆಯುವ ಜಾಗ, ಅದರ ಪಕ್ಕ ಕಿಟಕಿ. ಎಲ್ಲ ಸರಿಯಾಗಿತ್ತು. ಅವ್ವ ಮಾತ್ರ ಕಿಟಕಿಯ ಮೇಲಿನ ಮೂಲೆಗೆ ಬೆರಳಿಟ್ಟಳು. ಅಲ್ಲಿ ಬಣ್ಣ ಉಬ್ಬಿ ಚಕ್ಕೆ ಎದ್ದಿತ್ತು. “ಮಳಿನೀರು ಇಳದದ ನೋಡು.”

ನಾನೂರು ಕಿಲೋಮೀಟರು ಆಚೆಯ ಗೋಡೆಯ ತೇವವನ್ನು ಅವ್ವ ಕೂತಲ್ಲೇ ಕಂಡಳು. ಮಾಮೂಲಿ ಫೋಟೋದಲ್ಲಿ ಅದು ಕಾಣುತ್ತಲೇ ಇರಲಿಲ್ಲ. ಆ ಮೂಲೆಯನ್ನು ಬಿಟ್ಟು, ಕಟ್ಟೆ ಮತ್ತು ಹೊಳೆಯುವ ಚಿಮಣಿಗಷ್ಟೇ ಚೌಕಟ್ಟು ಹಾಕಿ ತೆಗೆದಿರುತ್ತಿದ್ದರು. 360 ಡಿಗ್ರಿ ಚಿತ್ರಕ್ಕೆ ಚೌಕಟ್ಟಿಲ್ಲ. ಎದುರಿನ ಗೋಡೆ ತೋರಿಸುವವನು ಬೆನ್ನ ಹಿಂದಿನ ಗೋಡೆಯನ್ನೂ ತೋರಿಸಲೇಬೇಕು. ಇಂಥ ಚಿತ್ರ ತೆಗೆಯುವ ಕಸುಬಿನ ಮೇಲೆ ನನಗೆ ಗೌರವ ಹುಟ್ಟಿದ್ದು ಅಂದೇ.

ದೂರದಿಂದ ಮನೆ ನೋಡುವವರ ಊರು

ವಿಮಾನ ನಗರ ಪುಣೆಯ ಈಶಾನ್ಯಕ್ಕೆ, ಲೋಹೆಗಾಂವ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಹೆಸರು ಬಂದದ್ದೂ ಅಲ್ಲಿಂದಲೇ. ಒಂದು ಕಡೆ ಸಿಂಬಯೋಸಿಸ್ ಸಂಸ್ಥೆಯ ಕಾಲೇಜುಗಳು, ಇನ್ನೊಂದು ಕಡೆ 2011ರಲ್ಲಿ ತೆರೆದ ಫೀನಿಕ್ಸ್ ಮಾಲ್, ಸ್ವಲ್ಪ ಮುಂದೆ ಖರಾಡಿಯ ಐಟಿ ಪಾರ್ಕ್. ನಗರ ರೋಡ್ ಎಂದು ಕರೆಯುವ ಹೆದ್ದಾರಿಗೆ ಬಂದರೆ ಗಾಂಧೀಜಿಯನ್ನು 1942ರಿಂದ 1944ರವರೆಗೆ ಸೆರೆಯಲ್ಲಿಟ್ಟಿದ್ದ, ಕಸ್ತೂರಬಾ ಕೊನೆಯುಸಿರೆಳೆದ ಆಗಾ ಖಾನ್ ಅರಮನೆ. ಓದಲೆಂದು, ದುಡಿಯಲೆಂದು ಹೊರಗಿನಿಂದ ಬರುವವರದೇ ಇಲ್ಲಿ ಓಡಾಟ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಲ್ಲಿ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿಯುವ ನಮ್ಮ ಮಕ್ಕಳೂ ಅವರಲ್ಲಿದ್ದಾರೆ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿಗಾಗಿ ರಜೆ ಹಾಕಿ, ಹತ್ತು ಸೊಸೈಟಿಗಳ ವಾಚ್‌ಮನ್ ಮುಂದೆ ನಿಂತು ಮನೆ ನೋಡುವುದು ಎಲ್ಲರಿಗೂ ಆಗುವ ಮಾತಲ್ಲ. ಎಷ್ಟೋ ಸಲ ಮಾಲೀಕರೂ ಬೇರೆ ಊರಲ್ಲೋ ವಿದೇಶದಲ್ಲೋ ಇರುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ; ಅಲ್ಲಿಯವರೆಗೆ ಇದ್ದರೂ ಆದೀತು ಎನಿಸಿದ್ದ ಇಂಥ ವರ್ಚುವಲ್ ಟೂರ್ ಬಾಡಿಗೆ, ಮಾರಾಟದ ವ್ಯವಹಾರಕ್ಕೆ ಬೇಕೇ ಬೇಕು ಎನಿಸಿಕೊಂಡಿತು.

ಒಂದು ಮನೆ, ಇನ್ನೂರನಲವತ್ತು ಚಿತ್ರ

ಎರಡು ಬೆಡ್‌ರೂಮಿನ ಒಂದು ಫ್ಲ್ಯಾಟಿಗೆ ಛಾಯಾಗ್ರಾಹಕ ಬಂದ ಎನ್ನಿ. ಕ್ಯಾಮೆರಾ ಚೀಲದಿಂದ ಹೊರಬರುವ ಮೊದಲೇ ಅರ್ಧ ಕೆಲಸ ಆಗುತ್ತದೆ. ಫ್ಯಾನುಗಳನ್ನೆಲ್ಲ ನಿಲ್ಲಿಸಬೇಕು, ತಿರುಗುವ ರೆಕ್ಕೆ ಒಂದೊಂದು ಚಿತ್ರದಲ್ಲಿ ಒಂದೊಂದು ಕಡೆ ಇದ್ದರೆ ಜೋಡಿಸುವಾಗ ದೆವ್ವದ ನೆರಳಿನಂತೆ ಕಾಣುತ್ತದೆ. ಪರದೆಗಳು ಅಲುಗಾಡಬಾರದು. ಜನ ವಾಸವಿರುವ ಮನೆಯಾದರೆ ಗೋಡೆಯ ಮೇಲಿನ ಕುಟುಂಬದ ಫೋಟೋ, ಫ್ರಿಜ್ ಮೇಲಿನ ಔಷಧದ ಚೀಟಿ, ಮಗುವಿನ ಶಾಲೆಯ ಸರ್ಟಿಫಿಕೇಟು ತೆಗೆದಿಡಬೇಕು, ಇಲ್ಲವೇ ಆಮೇಲೆ ಮಸುಕು ಮಾಡಬೇಕು. ಎಲ್ಲ ದಿಕ್ಕನ್ನೂ ನೋಡುವ ಕಣ್ಣು ನೋಡಬಾರದ್ದನ್ನೂ ನೋಡುತ್ತದೆ. ಒಂದು ಮನೆಯ ಗುಟ್ಟು ಕಾಯುವುದು ಈ ಕಸುಬಿನ ಮೊದಲ ಮರ್ಯಾದೆ.

ಆಮೇಲೆ ಟ್ರೈಪಾಡ್. ಲೆನ್ಸಿನ ಎತ್ತರ ನಿಂತ ಮನುಷ್ಯನ ಕಣ್ಣಿಗೆ ಹತ್ತಿರ, ಸುಮಾರು ಐದು ಅಡಿ. ತೀರ ಮೇಲಿಟ್ಟರೆ ಕೋಣೆ ಕುಗ್ಗಿದಂತೆ, ತೀರ ಕೆಳಗಿಟ್ಟರೆ ಮಂಚದ ಮೇಲೆ ಮಲಗಿ ನೋಡಿದಂತೆ ಆಗುತ್ತದೆ. ಟ್ರೈಪಾಡಿನ ಮೇಲೆ ಪ್ಯಾನೊರಮಾ ಹೆಡ್ ಎಂಬ ಲೋಹದ ತೋಳು. ಇಡೀ ವಿದ್ಯೆಯ ಗುಟ್ಟು ಈ ತೋಳಿನಲ್ಲಿದೆ. ನಿಮ್ಮ ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ. ಹಿಂದಿನ ಗೋಡೆಗೆ ಹೋಲಿಸಿದರೆ ಹೆಬ್ಬೆರಳು ಪಕ್ಕಕ್ಕೆ ಜಿಗಿಯುತ್ತದೆ. ಕ್ಯಾಮೆರಾವನ್ನು ಹೇಗೆಂದರೆ ಹಾಗೆ ತಿರುಗಿಸಿದರೂ ಹೀಗೇ ಆಗುತ್ತದೆ: ಹತ್ತಿರದ ಬಾಗಿಲ ಚೌಕಟ್ಟು ದೂರದ ಗೋಡೆಗಿಂತ ಬೇರೆ ಲೆಕ್ಕದಲ್ಲಿ ಸರಿದು, ಜೋಡಿಸಿದ ಚಿತ್ರದಲ್ಲಿ ಮುರಿದು ಕಾಣುತ್ತದೆ. ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ ಕಾಣುವ ಆ ಒಂದು ಬಿಂದುವೇ ತಿರುಗಣೆಯ ನಡುವಾದರೆ ಯಾವುದೂ ಜಿಗಿಯುವುದಿಲ್ಲ. ಆ ಬಿಂದುವಿಗೆ ತೋಳನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೊಂದಿಸಿ, ಬಿಗಿ ಮಾಡಿ, ಗುರುತು ಹಾಕಿಟ್ಟುಕೊಳ್ಳುತ್ತಾರೆ.

ಎಂಟು ಎಂಎಂ ಫಿಶ್‌ಐ ಲೆನ್ಸಾದರೆ ನಾಲ್ಕು ದಿಕ್ಕಿಗೆ ನಾಲ್ಕು ಚಿತ್ರ, ತಲೆಯ ಮೇಲಕ್ಕೆ ಒಂದು, ಟ್ರೈಪಾಡ್ ಸರಿಸಿ ನೆಲಕ್ಕೆ ಒಂದು, ಒಟ್ಟು ಆರು. ಕೋಣೆ ಕತ್ತಲು, ಕಿಟಕಿಯಾಚೆ ಕಣ್ಣು ಕುಕ್ಕುವ ಬಿಸಿಲು. ಎರಡನ್ನೂ ಒಂದೇ ಕ್ಲಿಕ್ಕಿನಲ್ಲಿ ಹಿಡಿಯಲು ಆಗದು. ಹಾಗಾಗಿ ಪ್ರತಿ ದಿಕ್ಕಿಗೂ ಕತ್ತಲಿನಿಂದ ಬೆಳಕಿಗೆ ಏರುವ ಐದು ಎಕ್ಸ್‌ಪೋಶರ್. ಅಲ್ಲಿಗೆ ಒಂದು ಜಾಗಕ್ಕೆ ಮೂವತ್ತು ಚಿತ್ರ. ಹಾಲ್, ಅಡುಗೆಮನೆ, ಕೋಣೆಗಳು, ಬಚ್ಚಲು, ಬಾಲ್ಕನಿ ಸೇರಿ ಎಂಟು ಜಾಗ ಹಿಡಿದರೂ 240. ಕ್ಯಾಮೆರಾ ತಿರುಗಿದಂತೆಲ್ಲ ಛಾಯಾಗ್ರಾಹಕ ಅದರ ಬೆನ್ನ ಹಿಂದೆಯೇ ಸುತ್ತುತ್ತಾನೆ. ಬೀರುವಿನ ಕನ್ನಡಿ ಎದುರಿದ್ದರೆ ಟೈಮರ್ ಇಟ್ಟು ಬಾಗಿಲ ಹಿಂದೆ ಅಡಗಿಕೊಳ್ಳುತ್ತಾನೆ. ಆಟದಲ್ಲಿ ಮಗು ಅಡಗಿದಂತೆ ಕಂಡರೂ ಅದು ಅವನ ಶಿಸ್ತು: ಈ ಮನೆಗೆ ಮೊದಲು ಕಾಲಿಡುವವರು ನೋಡುವವರೇ ಆಗಬೇಕು, ಅವನಲ್ಲ.

ಉಳಿದ ಕೆಲಸ ಕಂಪ್ಯೂಟರಿನಲ್ಲಿ. ಪಿಟಿಗುಯಿ, ಹುಗಿನ್‌ನಂಥ ತಂತ್ರಾಂಶಗಳು ಎರಡು ಚಿತ್ರಗಳ ಅಂಚಿನಲ್ಲಿ ಸಮಾನವಾಗಿರುವ ಬಿಂದುಗಳನ್ನು ಹುಡುಕಿ ಹೊಲಿಯುತ್ತವೆ. ಎರಡಕ್ಕೂ ಮೂಲ ಜರ್ಮನಿಯ ಪ್ರಾಧ್ಯಾಪಕ ಹೆಲ್ಮುಟ್ ಡೆರ್ಶ್ 1990ರ ದಶಕದ ಕೊನೆಯಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ಯಾನೊರಮಾ ಟೂಲ್ಸ್. ಹೊಲಿದು ಮುಗಿದಾಗ ಸಿಗುವುದು ಎತ್ತರಕ್ಕಿಂತ ಅಗಲ ಎರಡು ಪಟ್ಟಿರುವ ವಿಚಿತ್ರ ಚಿತ್ರ. ಗೋಲದಂತಿರುವ ಭೂಮಿಯನ್ನು ಗೋಡೆಯ ನಕ್ಷೆಯಾಗಿ ಬಿಡಿಸಿದಾಗ ಧ್ರುವ ಪ್ರದೇಶಗಳು ಹಿಗ್ಗುತ್ತವಲ್ಲ, ಇಲ್ಲೂ ಹಾಗೆಯೇ. ತಲೆಯ ಮೇಲಿನ ಫ್ಯಾನು ಚಿತ್ರದ ಮೇಲಂಚಿನುದ್ದಕ್ಕೂ ಎಳೆದು ಹರಡಿರುತ್ತದೆ. ಮೊಬೈಲು ಅದನ್ನು ಮತ್ತೆ ಗೋಲಕ್ಕೆ ಸುತ್ತಿ ನಮ್ಮನ್ನು ನಡುವೆ ನಿಲ್ಲಿಸುತ್ತದೆ, ಫ್ಯಾನು ತನ್ನ ಜಾಗಕ್ಕೆ ಮರಳುತ್ತದೆ.

ಈಗ ದಾರಿ ಸುಲಭವಾಗಿದೆ. ಜಪಾನಿನ ರಿಕೊ ಕಂಪನಿ 2013ರಲ್ಲಿ ತಂದ ಥೀಟಾ ಕ್ಯಾಮೆರಾದಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಲೆನ್ಸುಗಳು ಒಂದೇ ಕ್ಲಿಕ್ಕಿಗೆ ಸುತ್ತಲನ್ನೂ ಹಿಡಿದವು. ಅಮೆರಿಕದ ಮ್ಯಾಟರ್‌ಪೋರ್ಟ್‌ನ ಕ್ಯಾಮೆರಾಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಗೋಡೆಗಳ ದೂರ ಅಳೆದು, ಇಡೀ ಮನೆಯನ್ನು ಮೇಲಿನಿಂದ ಬೊಂಬೆಮನೆಯಂತೆ ತಿರುಗಿಸಿ ತೋರಿಸುತ್ತವೆ. ಮನೆ ಎಷ್ಟು ಹೊತ್ತಿಗೆ ಬೆಳಗುತ್ತದೆ, ಕ್ಯಾಮೆರಾ ಎಲ್ಲಿ ನಿಂತರೆ ಬಾಗಿಲಿನಿಂದ ಬಾಗಿಲಿಗೆ ದಾರಿ ತಿಳಿಯುತ್ತದೆ ಎಂಬುದನ್ನು ಮಾತ್ರ ಯಂತ್ರ ಹೇಳುವುದಿಲ್ಲ.

ಶ್ರೀರಂಗಪಟ್ಟಣ ಕಾಣದವನ ಶ್ರೀರಂಗಪಟ್ಟಣ

ಸುತ್ತಲೂ ಚಿತ್ರವಿಟ್ಟು ನಡುವೆ ಜನರನ್ನು ನಿಲ್ಲಿಸುವ ಆಸೆ ಕ್ಯಾಮೆರಾಗಿಂತ ಹಳೆಯದು. ಎಡಿನ್‌ಬರೋದಲ್ಲಿದ್ದ ಚಿತ್ರಕಾರ ರಾಬರ್ಟ್ ಬಾರ್ಕರ್ 1787ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1793ರಲ್ಲಿ ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ ಇದಕ್ಕೆಂದೇ ದುಂಡನೆಯ ಕಟ್ಟಡ ಎದ್ದಿತು. ಪ್ಯಾನೊರಮಾ ಎಂಬ ಪದ ಹುಟ್ಟಿದ್ದೂ ಆ ಚಿತ್ರಗಳಿಗಾಗಿಯೇ.

ಈ ಕಥೆಯಲ್ಲಿ ನಮ್ಮ ನೆಲಕ್ಕೂ ಒಂದು ಪಾಲಿದೆ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಮರುವರ್ಷವೇ ಲಂಡನ್ನಿನ ಲೈಸಿಯಂನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತರ ಹರೆಯದ ಚಿತ್ರಕಾರ ಆ ಕೋಟೆಯ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಕ್ಯಾನ್ವಾಸಿನಲ್ಲಿ ಬಾಗಿಸಿ ನಿಲ್ಲಿಸಿದ. ಜನ ಮುಗಿಬಿದ್ದು ನೋಡಿದರು. ಕಾವೇರಿಯನ್ನೂ ಕೋಟೆಯನ್ನೂ ಕಂಡೆವೆಂದು ನಂಬಿ ಮನೆಗೆ ಹೋದರು. ಪೋರ್ಟರ್ ಶ್ರೀರಂಗಪಟ್ಟಣಕ್ಕೆ ಬಂದವನೇ ಅಲ್ಲ. ಗೆದ್ದವರ ಕಡೆಯವರು ಹೇಳಿದ್ದನ್ನು ಕೇಳಿ ಬರೆದ ಚಿತ್ರ ಅದು.

ಆ ಕ್ಯಾನ್ವಾಸ್ ಇಂದು ಉಳಿದಿಲ್ಲ. ಅದು ಕಲಿಸಿದ ಪಾಠ ಮಾತ್ರ ಮನೆ ಹುಡುಕುವ ಎಲ್ಲರಿಗೂ ಬೇಕು. ಸುತ್ತುವರಿದ ಚಿತ್ರ ನಮ್ಮನ್ನು ಬೇಗ ನಂಬಿಸುತ್ತದೆ. ಇನ್ನೂ ಕಟ್ಟದ ಅಪಾರ್ಟ್‌ಮೆಂಟಿನ ವರ್ಚುವಲ್ ಟೂರಿನಲ್ಲಿ ಕ್ಯಾಮೆರಾ ಎಲ್ಲೂ ನಿಂತಿರುವುದಿಲ್ಲ. ಅದು ಕಂಪ್ಯೂಟರ್ ಬರೆದ ಚಿತ್ರ. ಅಲ್ಲಿ ಬಿಸಿಲು ಸದಾ ಹದವಾಗಿರುತ್ತದೆ, ಗೋಡೆಗೆ ತೇವ ಹಿಡಿಯುವುದೇ ಇಲ್ಲ. ಯಾವುದೇ ಟೂರ್ ತೆರೆದರೂ ಮೊದಲು ಕೇಳಬೇಕಾದದ್ದು ಇದು: ಇಲ್ಲಿ ಕ್ಯಾಮೆರಾ ನಿಂತಿತ್ತೇ?

ಕಾನೂನು ಕೊಳ್ಳುವವರ ಕಡೆಗಿದೆ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜಾಹೀರಾತು ಅಥವಾ ಮಾದರಿ ಮನೆಯಲ್ಲಿನ ಸುಳ್ಳು ವಿವರ ನಂಬಿ ಮುಂಗಡ ಕೊಟ್ಟು ನಷ್ಟಕ್ಕೊಳಗಾದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಅವರು ಯೋಜನೆಯಿಂದ ಹಿಂದೆ ಸರಿಯುವುದಾದರೆ ಹಣವನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು. ಮಹಾರಾಷ್ಟ್ರದ ರೇರಾ ಪ್ರಾಧಿಕಾರ 2023ರ ಆಗಸ್ಟ್ 1ರಿಂದ ಯೋಜನೆಗಳ ಜಾಹೀರಾತಿನಲ್ಲಿ ಕ್ಯುಆರ್ ಕೋಡ್ ಕಡ್ಡಾಯ ಮಾಡಿದೆ. ಟೂರ್ ನೋಡಿ ಮನಸೋತವರು ಆ ಕೋಡ್ ಸ್ಕ್ಯಾನ್ ಮಾಡಿ ನೋಂದಣಿಯ ವಿವರವನ್ನೂ ನೋಡಲಿ.

ಟೈಲ್ಸ್ ಎಣಿಸಿ ನೋಡಿ

ನಿಜವಾದ 360 ಚಿತ್ರದಲ್ಲೂ ಕೋಣೆ ಇರುವುದಕ್ಕಿಂತ ದೊಡ್ಡದಾಗಿ ಕಾಣುವುದುಂಟು. ನೋಟದ ಕೋನ ಹಿಗ್ಗಿಸಿದರೆ ಗೋಡೆಗಳು ದೂರ ಸರಿದಂತೆ ತೋರುತ್ತವೆ. ಅದಕ್ಕೆ ಉಪಾಯ ನೆಲದಲ್ಲೇ ಇದೆ. ಹೊಸ ಫ್ಲ್ಯಾಟುಗಳಲ್ಲಿ ಎರಡು ಅಡಿ ಚೌಕದ ವಿಟ್ರಿಫೈಡ್ ಟೈಲ್ಸ್ ಹಾಕುವುದು ಸಾಮಾನ್ಯ. ಅಳತೆಯನ್ನು ಮಾಲೀಕರಲ್ಲಿ ಕೇಳಿ ತಿಳಿದುಕೊಂಡು ಗೋಡೆಯಿಂದ ಗೋಡೆಗೆ ಎಣಿಸಿ. ಐದು ಟೈಲ್ಸ್ ಇದ್ದರೆ ಹತ್ತು ಅಡಿ. ನಿಮ್ಮ ಮಂಚ, ಬೀರು ಹಿಡಿಯುತ್ತವೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಸೀಲಿಂಗಿನ ಮೂಲೆಗಳು, ಬಚ್ಚಲಿನ ಹೊರಗೋಡೆಯ ಬುಡ, ಕಿಟಕಿಯಾಚೆ ಎದುರು ಕಟ್ಟಡ ಎಷ್ಟು ಹತ್ತಿರವಿದೆ ಎಂಬುದನ್ನು ನೋಡಿ. ಯಾವುದೋ ಒಂದು ಕೋಣೆಗೆ ಬಾಣದ ಗುರುತೇ ಇಲ್ಲದಿದ್ದರೆ ಆ ಕೋಣೆಯನ್ನೇ ಮೊದಲು ಕೇಳಿ.

ಇದೇ ವಿದ್ಯೆಗೆ ಇನ್ನೂ ದೊಡ್ಡ ಕೆಲಸಗಳಿವೆ. ಮೈಸೂರು ಅರಮನೆಯನ್ನು ಮನೆಯಲ್ಲೇ ಕೂತು ಹೀಗೆ ಸುತ್ತಬಹುದು. 2011ರಲ್ಲಿ ಬೆಂಗಳೂರಿನಲ್ಲಿ ಪೊಲೀಸರ ತಡೆಯಿಂದ ನಿಂತುಹೋಗಿದ್ದ ಗೂಗಲ್ ಸ್ಟ್ರೀಟ್ ವ್ಯೂ 2022ರಲ್ಲಿ ಮರಳಿದಾಗ ಮೊದಲ ಹತ್ತು ಊರುಗಳಲ್ಲಿ ಬೆಂಗಳೂರೂ ಪುಣೆಯೂ ಇದ್ದವು. ನನ್ನ ಆಸೆ ಇನ್ನೂ ಹತ್ತಿರದ್ದು. ಪುಣೆಯ ಹಳೇ ಪೇಟೆಗಳಲ್ಲೂ ನಮ್ಮ ಉತ್ತರ ಕರ್ನಾಟಕದ ಊರುಗಳಲ್ಲೂ ವಾಡೆಗಳು ಒಂದೊಂದಾಗಿ ನೆಲ ಕಾಣುತ್ತಿವೆ. ಜೆಸಿಬಿ ಬರುವ ಮೊದಲು ಅಂಗಳದಲ್ಲಿ, ಪಡಸಾಲೆಯಲ್ಲಿ, ಅಟ್ಟದಲ್ಲಿ ಒಂದೊಂದು ಸಲ ಟ್ರೈಪಾಡ್ ಊರಿದರೆ, ಮೊಮ್ಮಕ್ಕಳು ಅಜ್ಜಿ ಹುಟ್ಟಿದ ಮನೆಯ ನಡುವೆ ನಿಂತು ಒಮ್ಮೆ ಸುತ್ತ ತಿರುಗಿ ನೋಡಬಹುದು. ಒಂದು ದಿನದ ಕೆಲಸ ಅದು.

ಕಿವಿಯ ಪಾಲು

ಗೋಡೆಯ ತೇವದ ಚಿತ್ರವನ್ನು ನಾವು ಮಾಲೀಕರಿಗೆ ಕಳಿಸಿದೆವು. ಅವರು ಬೇಸರಿಸಿಕೊಳ್ಳದೆ ಹೊರಗಿನಿಂದ ವಾಟರ್‌ಪ್ರೂಫಿಂಗ್ ಮಾಡಿಸಿ, ಬಣ್ಣ ಹೊಡೆಸಿದರು. ಆಮೇಲೆ ಕರಾರಾಯಿತು. ಹುಡುಗಿ ಸಾಮಾನು ಇಳಿಸಿದ ಸಂಜೆ ಬಾಲ್ಕನಿಯಿಂದ ಫೋನ್ ಮಾಡಿದಳು. ಮಾತಿನ ನಡುವೆ ಇದ್ದಕ್ಕಿದ್ದಂತೆ ಒಂದು ದೊಡ್ಡ ಮೊರೆತ ತುಂಬಿ, ಅವಳ ದನಿ ಮುಳುಗಿ, ಅರ್ಧ ನಿಮಿಷದ ಮೇಲೆ ಮತ್ತೆ ಬಂತು. ಲೋಹೆಗಾಂವ್ ವಾಯುಪಡೆಯ ನೆಲೆಯೂ ಹೌದು. ಪ್ರಯಾಣಿಕರ ವಿಮಾನಗಳೂ ಯುದ್ಧವಿಮಾನಗಳೂ ಅಲ್ಲಿಂದಲೇ ಏರುತ್ತವೆ.

ಊರಿನ ಹೆಸರಿನಲ್ಲೇ ಇದ್ದ ಸಂಗತಿ ಟೂರಿನಲ್ಲಿ ಇರಲಿಲ್ಲ. ಬಾಲ್ಕನಿಯ ಜಾಗದಲ್ಲಿ ಚಿತ್ರದ ಜೊತೆ ಒಂದು ನಿಮಿಷದ ಧ್ವನಿಯನ್ನೂ ಸೇರಿಸುವುದು ಈ ಕಸುಬಿನವರಿಗೆ ಕಷ್ಟವಲ್ಲ, ತಂತ್ರಾಂಶಗಳಲ್ಲಿ ಅದಕ್ಕೆ ಅವಕಾಶವಿದೆ. ಬೆನ್ನ ಹಿಂದಿನ ಗೋಡೆಯನ್ನೂ ಮುಚ್ಚಿಡದ ಈ ಚಿತ್ರಕಾರರು ಅದಿಷ್ಟನ್ನೂ ಮಾಡಲಿ ಎಂದು ಕೇಳಿಕೊಳ್ಳುತ್ತೇನೆ.

“ಎಂಥಾ ಸಪ್ಪಳನವಾ ಅದು?” ಎಂದು ಅವ್ವ ಗಾಬರಿಯಿಂದ ಕೇಳಿದಳು. “ವಿಮಾನ, ಅಜ್ಜಿ,” ಎಂದಳು ಹುಡುಗಿ. ಅವ್ವ ಕ್ಷಣ ಸುಮ್ಮನಿದ್ದು, “ಆತು ಬಿಡು, ಕಿಡಕಿ ಮ್ಯಾಲಿನ ಗ್ವಾಡಿ ಒಣಗೇದನು?” ಎಂದಳು. ಹುಡುಗಿ ಒಳಗೆ ಹೋಗಿ, ಮೊಬೈಲು ಎತ್ತಿ ಹಿಡಿದು, ಆ ಮೂಲೆಯನ್ನು ತೋರಿಸಿದಳು. ಗೋಡೆ ಒಣಗಿತ್ತು.